ಹಿನ್ನೆಲೆಯಲ್ಲಿ ಕರಗಿಹೋಗದ ವನ್ಯಜೀವಿ ಚಿತ್ರ: ಹಂತ ಹಂತದ ಮಾರ್ಗದರ್ಶಿ

ವನ್ಯಜೀವಿ ಛಾಯಾಗ್ರಹಣಕ್ಕೆ ಹೊಸದಾಗಿ ಕೈಹಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಂಡ ಜಿಂಕೆ ಚಿತ್ರದಲ್ಲಿ ಮಾತ್ರ ಪೊದೆಗಳ ನಡುವೆ ಏಕೆ ಕಳೆದುಹೋಗುತ್ತದೆ, ಮತ್ತು ಅದನ್ನು ಎದ್ದು ಕಾಣಿಸಲು ಯಾವ ಲೆನ್ಸ್ ಕೊಳ್ಳಬೇಕು? ಮೊದಲ ಭಾಗಕ್ಕೆ ಉತ್ತರ ಕಷ್ಟದ್ದಲ್ಲ. ನಮ್ಮ ಎರಡು ಕಣ್ಣುಗಳು ಸೇರಿ ದೂರವನ್ನು ಅಳೆಯುತ್ತವೆ, ಪ್ರಾಣಿಯ ಕಿವಿ ಅಲುಗಿದರೆ ಸಾಕು ಗಮನ ಅತ್ತ ಹೋಗುತ್ತದೆ, ಬೇಡದ ಕೊಂಬೆರೆಂಬೆಗಳನ್ನು ಮನಸ್ಸು ತಾನಾಗಿಯೇ ಬದಿಗಿಡುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು. ಅದು ಹತ್ತಿರದ ಮೈಯನ್ನೂ ದೂರದ ಎಲೆಯನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಅಂಟಿಸಿಬಿಡುತ್ತದೆ. ಜೊತೆಗೆ ಚುಕ್ಕಿ ಜಿಂಕೆಯ ಚುಕ್ಕೆಗಳೂ ಹುಲಿಯ ಪಟ್ಟೆಗಳೂ ನೆರಳು ಬಿಸಿಲಿನ ಕಾಡಿನಲ್ಲಿ ಮರೆಯಾಗುವುದಕ್ಕೆಂದೇ ಒದಗಿಬಂದಂಥವು.

ಎರಡನೆಯ ಭಾಗಕ್ಕೆ ನಾನು ಕೊಡುವ ಉತ್ತರ ಕೇಳಿದವರಿಗೆ ಸಾಮಾನ್ಯವಾಗಿ ರುಚಿಸುವುದಿಲ್ಲ. ಸದ್ಯಕ್ಕೆ ಇರುವ ಲೆನ್ಸ್ ಸಾಕು, ನಿಂತಿರುವ ಜಾಗವನ್ನು ಮೊದಲು ಬದಲಿಸಿ ಎನ್ನುವುದೇ ಆ ಉತ್ತರ. ಅದಕ್ಕೆ ಕಾರಣವನ್ನು ಲೆಕ್ಕದ ಸಮೇತ ಕೆಳಗೆ ವಿವರಿಸಿದ್ದೇನೆ.

ಏನೇನು ಬೇಕು

300 ಮಿ.ಮೀ. ಅಥವಾ ಅದಕ್ಕಿಂತ ಉದ್ದದ ಟೆಲಿ ಲೆನ್ಸ್, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿಂಡಿ) ಮತ್ತು ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಅನ್ನು ನೀವೇ ಹೊಂದಿಸಬಹುದಾದ ಯಾವುದೇ ಕ್ಯಾಮೆರಾ, ಹಾಗೂ ಲೆನ್ಸ್ ಊರಲು ಒಂದು ಬೀನ್‌ಬ್ಯಾಗ್ ಇದ್ದರೆ ಆರಂಭಿಸಬಹುದು. ಬೀನ್‌ಬ್ಯಾಗ್ ಎಂದರೆ ಕಾಳು ತುಂಬಿದ ಬಟ್ಟೆಯ ಚೀಲ. ಅಂಗಡಿಯದೇ ಬೇಕೆಂದಿಲ್ಲ, ಹಳೆಯ ಜೀನ್ಸ್‌ನ ಕಾಲನ್ನು ಕತ್ತರಿಸಿ, ಹೊಲಿದು, ಕಡಲೆ ತುಂಬಿದರೂ ನಡೆಯುತ್ತದೆ. ಮೊಬೈಲಿನ ಬಗ್ಗೆ ಕೇಳುವವರಿಗೆ ಒಂದು ಮಾತು. ಮೊಬೈಲಿನ ಟೆಲಿ ಲೆನ್ಸಿನ ಬೆಳಕಿಂಡಿ ಕೆಲವೇ ಮಿಲಿಮೀಟರ್ ಅಗಲವಿರುವುದರಿಂದ ಅದು ದೂರದ ಪ್ರಾಣಿಯ ಹಿನ್ನೆಲೆಯನ್ನು ನಿಜವಾಗಿ ಮಸುಕುಗೊಳಿಸಲಾರದು. ಪೋರ್ಟ್ರೇಟ್ ಮೋಡ್ ಲೆಕ್ಕಾಚಾರದಿಂದ ಮಸುಕನ್ನು ತುಂಬಿಸುತ್ತದೆ ನಿಜ, ಆದರೆ ಮೀಸೆ, ಕೊಂಬಿನ ತುದಿ, ಗರಿಯ ಅಂಚುಗಳನ್ನು ಅದು ನುಂಗಿಹಾಕುವುದೇ ಹೆಚ್ಚು. ಮೊಬೈಲ್ ಬಳಸುವವರು ಮುಂದಿನ ಹಂತಗಳಲ್ಲಿ ಕೋನ, ಬೆಳಕು, ಬಣ್ಣದ ಭಾಗಗಳನ್ನು ನೆಚ್ಚಿಕೊಳ್ಳುವುದು ಒಳ್ಳೆಯದು.

1. ಪ್ರಾಣಿಗಿಂತ ಮೊದಲು ಹಿನ್ನೆಲೆಯ ದೂರವನ್ನು ನೋಡಿ

ಫೋಕಸ್ ಹಕ್ಕಿಯ ಮೇಲಿದ್ದಾಗ ಅದರ ಹಿಂದಿನ ಪ್ರತಿ ಬಿಂದುವೂ ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕದ ಮೇಲೆ ಬಿಂದುವಾಗಿ ಬೀಳದೆ ಪುಟ್ಟ ವೃತ್ತವಾಗಿ ಹರಡುತ್ತದೆ. ಈ ವೃತ್ತಗಳು ದೊಡ್ಡದಾದಷ್ಟೂ ಹಿನ್ನೆಲೆಯ ಎಲೆ, ಕಡ್ಡಿ, ಕಲ್ಲುಗಳ ಅಂಚುಗಳು ಒಂದರಲ್ಲೊಂದು ಬೆರೆತು ನಯವಾದ ಬಣ್ಣವಷ್ಟೇ ಉಳಿಯುತ್ತದೆ. ಹಾಗಾದರೆ ವೃತ್ತವನ್ನು ದೊಡ್ಡದು ಮಾಡುವುದು ಯಾವುದು?

400 ಮಿ.ಮೀ. ಲೆನ್ಸ್, ಎಫ್/5.6 ಅಪರ್ಚರ್, 10 ಮೀಟರ್ ದೂರದಲ್ಲಿ ಒಂದು ಹಕ್ಕಿ ಎಂದಿಟ್ಟುಕೊಳ್ಳಿ. ಹಕ್ಕಿಯಿಂದ 2 ಮೀಟರ್ ಹಿಂದೆ ಪೊದೆಯಿದ್ದರೆ ಮಸುಕಿನ ವೃತ್ತದ ಅಗಲ ಸೆನ್ಸರ್ ಮೇಲೆ ಸುಮಾರು 0.5 ಮಿ.ಮೀ. ಅದೇ ಪೊದೆ 10 ಮೀಟರ್ ಹಿಂದಿದ್ದರೆ ಸುಮಾರು 1.5 ಮಿ.ಮೀ., 50 ಮೀಟರ್ ಹಿಂದಿದ್ದರೆ ಸುಮಾರು 2.5 ಮಿ.ಮೀ. ಈಗ ಹಣದ ಕಡೆಯಿಂದ ನೋಡಿ. ಎಫ್/8ರ ಲೆನ್ಸ್ ಬಿಟ್ಟು ಇನ್ನೂ ದೊಡ್ಡ ಬೆಳಕಿಂಡಿಯ ಎಫ್/5.6ರ ಲೆನ್ಸ್ ಕೊಂಡರೆ ವೃತ್ತ ಬೆಳೆಯುವುದು 1.4 ಪಟ್ಟು ಮಾತ್ರ. ಎರಡು ಮೀಟರ್ ಹಿಂದಿನ ಪೊದೆಯನ್ನು ತಪ್ಪಿಸಿ ಹತ್ತು ಮೀಟರ್ ಹಿಂದಿನ ಪೊದೆ ಬರುವಂತೆ ನಿಂತರೆ ಖರ್ಚಿಲ್ಲದೆ ಮೂರು ಪಟ್ಟು ಬೆಳೆಯುತ್ತದೆ.

ಈ ಲೆಕ್ಕದಿಂದ ಕಾಡಿನಲ್ಲಿ ಬಳಸಲು ಸುಲಭವಾದ ಒಂದು ಸೂತ್ರ ಸಿಗುತ್ತದೆ. ಪ್ರಾಣಿ ನಿಮ್ಮಿಂದ ಎಷ್ಟು ದೂರವಿದೆಯೋ ಪ್ರಾಣಿಯ ಹಿಂದೆ ಹಿನ್ನೆಲೆಯೂ ಅಷ್ಟೇ ದೂರವಿದ್ದರೆ, ಆ ಲೆನ್ಸ್ ಆ ಜಾಗದಿಂದ ಕೊಡಬಲ್ಲ ಗರಿಷ್ಠ ಮಸುಕಿನ ಅರ್ಧಭಾಗ ಸಿಕ್ಕಂತಾಗುತ್ತದೆ. ಹಿನ್ನೆಲೆ ಅದಕ್ಕಿಂತ ಹಿಂದೆ ಹೋದಂತೆ ಲಾಭ ನಿಧಾನವಾಗುತ್ತದೆ, ಮುಂದೆ ಬಂದಂತೆ ನಷ್ಟ ವೇಗವಾಗಿ ಏರುತ್ತದೆ. ಆದ್ದರಿಂದ ಕಳ್ಳಿಪೀರವೊಂದು ಹೊಲದ ಬದುವಿನ ಒಣಕಡ್ಡಿಯ ಮೇಲೂ ಬೇಲಿಯ ಒಳಗಡೆಯೂ ಕೂರುವ ಅಭ್ಯಾಸದ್ದಾದರೆ, ಒಣಕಡ್ಡಿಯ ಎದುರು ಕಾಯಿರಿ. ಹುಳ ಹಿಡಿದ ಕಳ್ಳಿಪೀರ ತಾನು ಕುಳಿತಿದ್ದ ಕಡ್ಡಿಗೇ ಮರಳುವುದು ಸಾಮಾನ್ಯ; ಕಾಜಾಣ, ಮಿಂಚುಳ್ಳಿ, ನೀಲಕಂಠಗಳೂ ಇಷ್ಟದ ಕೂರುವ ತಾಣಗಳನ್ನು ಇಟ್ಟುಕೊಂಡಿರುತ್ತವೆ.

ಪ್ರಾಣಿಗೆ ಹತ್ತಿರವಾದರೂ ಮಸುಕು ಹೆಚ್ಚುತ್ತದೆ, ಆದರೆ ಇಲ್ಲಿ ಎಚ್ಚರಿಕೆ ಬೇಕು. ಮೇಯುತ್ತಿದ್ದ ಪ್ರಾಣಿ ತಲೆಯೆತ್ತಿ ನಿಮ್ಮನ್ನೇ ನೋಡತೊಡಗಿದರೆ, ಹಕ್ಕಿ ಕತ್ತು ಚಾಚಿ ನೆಟ್ಟಗೆ ನಿಂತರೆ ಆಗಲೇ ಒಂದು ಹೆಜ್ಜೆ ಹೆಚ್ಚಾಗಿದೆ ಎಂದರ್ಥ. ಅಲ್ಲಿಯೇ ನಿಲ್ಲಿ ಅಥವಾ ಹಿಂದೆ ಸರಿಯಿರಿ. ಗೂಡಿನ ಬಳಿ ಈ ಹಂತವನ್ನು ಪ್ರಯೋಗಿಸಲೇಬೇಡಿ. ಹಿನ್ನೆಲೆ ಚೆನ್ನಾಗಿ ಬರಲೆಂದು ಗೂಡಿನ ಸುತ್ತಲ ಎಲೆ, ಕೊಂಬೆ ಸರಿಸುವವರಿದ್ದಾರೆ, ಹಾಗೆ ಸರಿಸಿದ ಎಲೆಯೇ ಮರಿಗಳಿಗೆ ಬಿಸಿಲಿನಿಂದಲೂ ಕಾಗೆಯ ಕಣ್ಣಿನಿಂದಲೂ ಮರೆಯಾಗಿರುತ್ತದೆ.

2. ಕ್ಯಾಮೆರಾವನ್ನು ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿಸಿ

ಹಿನ್ನೆಲೆಯ ದೂರ ನೆಲದ ಮೇಲೆ ಅಳೆದ ದೂರವಲ್ಲ, ಲೆನ್ಸ್ ನೋಡುವ ದಾರಿಯಲ್ಲಿ ಅಳೆದ ದೂರ. ಕೆರೆಯ ದಂಡೆಯಲ್ಲಿ ಓಡಾಡುತ್ತಿರುವ ಟಿಟ್ಟಿಭವೊಂದು 10 ಮೀಟರ್ ದೂರದಲ್ಲಿದೆ, ನೀವು ಅದರ ಎದೆಯ ಮಟ್ಟಕ್ಕೆ, ಅಂದರೆ ನೆಲದಿಂದ 10 ಸೆಂ.ಮೀ. ಎತ್ತರಕ್ಕೆ ಫೋಕಸ್ ಮಾಡಿದ್ದೀರಿ ಎನ್ನೋಣ. ನೀವು ನಿಂತು, ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ನಿಮ್ಮ ನೋಟ ಹಕ್ಕಿಯನ್ನು ದಾಟಿದ ಮೇಲೆ ಕೇವಲ 70 ಸೆಂ.ಮೀ. ಹಿಂದೆ ನೆಲಕ್ಕೆ ತಾಗುತ್ತದೆ. ಆ ಕೆಸರು, ಹೆಂಟೆ, ಹುಲ್ಲುಗಳೆಲ್ಲ ಹೆಚ್ಚುಕಡಿಮೆ ಹಕ್ಕಿಯಷ್ಟೇ ಸ್ಪಷ್ಟವಾಗಿ ಮೂಡುತ್ತವೆ. ಬೋರಲು ಮಲಗಿ ಕ್ಯಾಮೆರಾವನ್ನು 30 ಸೆಂ.ಮೀ. ಎತ್ತರಕ್ಕೆ ಇಳಿಸಿದರೆ ನೋಟ ನೆಲಕ್ಕೆ ತಾಗುವುದು 5 ಮೀಟರ್ ಹಿಂದೆ, 20 ಸೆಂ.ಮೀ.ಗೆ ಇಳಿಸಿದರೆ 10 ಮೀಟರ್ ಹಿಂದೆ. ಲೆನ್ಸ್ ಅದೇ, ಹಕ್ಕಿ ಅದೇ, ಹಿನ್ನೆಲೆ ಮಾತ್ರ ಬೇರೆ. ಎರಡನೆಯ ಲಾಭವೂ ಇದೆ, ಕಣ್ಣಿನ ಮಟ್ಟದಲ್ಲಿ ತೆಗೆದ ಚಿತ್ರದಲ್ಲಿ ಪ್ರಾಣಿಯ ಮುಖಭಾವ ಕಾಣುತ್ತದೆ.

ಮಲಗುವ ಮುನ್ನ ನೆಲವನ್ನು ನೋಡಿಕೊಳ್ಳಿ. ಕೆರೆಯಂಚಿನಲ್ಲಿ ಹಾವು, ಮುಳ್ಳು, ಉಣ್ಣೆಹುಳು ಎಲ್ಲ ಸಾಮಾನ್ಯ; ಮೊಸಳೆ ಇರುವ ನದಿದಂಡೆಯಲ್ಲಿ ಈ ಸಾಹಸ ಬೇಡವೇ ಬೇಡ.

ಎತ್ತರದ ಕೊಂಬೆಯಲ್ಲಿರುವ ಹಕ್ಕಿಗೆ ಇದೇ ತತ್ತ್ವ ತಿರುಗುಮುರುಗಾಗಿ ಅನ್ವಯಿಸುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಬೀದಿಯಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿದರೆ ಹಿಂದೆ ಬೆಳ್ಳನೆಯ ಆಕಾಶ, ಮುಂದೆ ಹಕ್ಕಿಯ ಹೊಟ್ಟೆ ಮಾತ್ರ. ಮನೆಯವರನ್ನು ಕೇಳಿ, ಅವರು ಒಪ್ಪಿದರೆ ತಾರಸಿಗೆ ಹತ್ತಿ, ಗೂಡಿಗೆ ದೂರವಿದ್ದುಕೊಂಡೇ ತೆಗೆದರೆ ಹಕ್ಕಿ ಕಣ್ಣಿನ ಮಟ್ಟಕ್ಕೆ ಬಂದು, ಹಿಂದೆ ದೂರದ ಹಸಿರು ಸಿಗುತ್ತದೆ.

3. ಅರ್ಧ ಹೆಜ್ಜೆ ಅತ್ತಿತ್ತ ಸರಿದು ಗೆರೆಗಳನ್ನೂ ಬಿಳಿ ಮಚ್ಚೆಗಳನ್ನೂ ತಪ್ಪಿಸಿ

ಮಸುಕಾದ ಹಿನ್ನೆಲೆಯೆಲ್ಲ ಒಳ್ಳೆಯ ಹಿನ್ನೆಲೆಯಲ್ಲ. ಪ್ರಾಣಿಯ ತಲೆಯ ಹಿಂದೆ ಹಾದುಹೋಗುವ ಮಸುಕಾದ ಕೊಂಬೆಯೂ, ಎಲೆಗಳ ಸಂದಿನಿಂದ ಇಣುಕುವ ಆಕಾಶದ ಬಿಳಿ ಚೂರೂ ನೋಡುವವರ ಕಣ್ಣನ್ನು ಪ್ರಾಣಿಯಿಂದ ಕಿತ್ತುಕೊಳ್ಳುತ್ತವೆ. ಶಟರ್ ಒತ್ತುವ ಮುನ್ನ ಚೌಕಟ್ಟಿನ ನಾಲ್ಕು ಅಂಚುಗಳನ್ನು ಒಮ್ಮೆ, ಪ್ರಾಣಿಯ ತಲೆಯ ಸುತ್ತ ಒಮ್ಮೆ ಕಣ್ಣಾಡಿಸುವ ಅಭ್ಯಾಸ ಮಾಡಿಕೊಳ್ಳಿ.

ಬಯಲುಪ್ರಾಣಿಗಳಲ್ಲಿ ಬಹಳ ಸಲ ಆಗುವ ತಪ್ಪು ದಿಗಂತದ್ದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಂಥ ಕಡೆ ಕೃಷ್ಣಮೃಗದ ಹಿಂದೆ ಮರಗಳ ಸಾಲೊಂದು ದೂರದಲ್ಲಿ ಕಪ್ಪು ಗೆರೆಯಾಗಿ ನಿಂತಿರುತ್ತದೆ. ಆ ಗೆರೆ ಕುತ್ತಿಗೆಯನ್ನೋ ಕಣ್ಣನ್ನೋ ಸೀಳಿದಂತೆ ಬಂದರೆ ಎಷ್ಟು ಮಸುಕಾಗಿದ್ದರೂ ಚಿತ್ರ ಕೆಡುತ್ತದೆ. ಕ್ಯಾಮೆರಾವನ್ನು ಒಂದು ಗೇಣು ಕೆಳಗಿಳಿಸಿದರೆ ತಲೆ ಮತ್ತು ಕೊಂಬುಗಳು ಗೆರೆಯ ಮೇಲೆ ಆಕಾಶಕ್ಕೆ ಏರುತ್ತವೆ. ಮೇಲೆತ್ತಿದರೆ ಗೆರೆ ತಲೆಯ ಮೇಲಕ್ಕೆ ಹೋಗಿ ಇಡೀ ಪ್ರಾಣಿ ಹುಲ್ಲಿನ ಬಣ್ಣದೊಳಗೆ ಉಳಿಯುತ್ತದೆ.

ಬಂಡೀಪುರ, ನಾಗರಹೊಳೆಯಂಥ ಕಡೆ ಸಫಾರಿ ಜೀಪಿನಿಂದ ಇಳಿಯುವಂತಿಲ್ಲ, ದಾರಿ ಬಿಟ್ಟು ಹೋಗುವಂತೆಯೂ ಇಲ್ಲ. ನಿಮ್ಮ ಕೈಯಲ್ಲಿರುವುದು ಜೀಪು ನಿಲ್ಲುವ ಜಾಗ ಮಾತ್ರ. ಪ್ರಾಣಿ ಕಂಡೊಡನೆ ಗುಂಡಿ ಒತ್ತುತ್ತಾ ಹೋಗುವ ಬದಲು ಚಾಲಕರಿಗೆ ಮೆಲುದನಿಯಲ್ಲಿ, "ಅಣ್ಣಾ, ಎರಡಡಿ ಮುಂದೆ ತಗೊಳ್ಳಿ, ಆ ಕಡ್ಡಿ ಅಡ್ಡ ಬರ್ತಿದೆ" ಎಂದು ಹೇಳಿದರೆ ಅನುಭವಿ ಚಾಲಕರಿಗೆ ಅರ್ಥವಾಗಿಬಿಡುತ್ತದೆ. ಆದರೆ ಜೀಪಿನಲ್ಲಿ ಬೇರೆಯವರೂ ಇರುತ್ತಾರೆ, ಪ್ರಾಣಿಯ ದಾರಿಗೆ ಅಡ್ಡವಾಗಿ ಗಾಡಿ ನಿಲ್ಲಿಸುವುದು ತಪ್ಪು. ಲಂಟಾನ ದಟ್ಟವಾಗಿ ಬೆಳೆದ ಕಡೆ ಹುಲಿ ಕಂಡರೆ ಮೊದಲ ನೋಟದ ದಾಖಲೆಗೆಂದು ಒಂದೆರಡು ಚಿತ್ರ ತೆಗೆದುಕೊಳ್ಳಿ. ಅದು ನಡೆಯುತ್ತಿರುವ ದಿಕ್ಕಿನಲ್ಲಿ ಪೊದೆ ಎಲ್ಲಿ ತೆರೆದುಕೊಳ್ಳುತ್ತದೆಂದು ಹುಡುಕಿ, ಅಲ್ಲಿಗೆ ಲೆನ್ಸ್ ತಿರುಗಿಸಿಟ್ಟು ಕಾಯುವುದು ಉತ್ತಮ.

ಉದ್ದನೆಯ ಲೆನ್ಸ್ ನಿಜವಾಗಿ ಉಪಕಾರಕ್ಕೆ ಬರುವುದು ಈ ಹಂತದಲ್ಲಿ. 36 ಮಿ.ಮೀ. ಅಗಲದ ಸೆನ್ಸರ್ ಇರುವ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 200 ಮಿ.ಮೀ. ಲೆನ್ಸ್‌ನಿಂದ 5 ಮೀಟರ್ ದೂರದ ಹಕ್ಕಿಯನ್ನೂ, 400 ಮಿ.ಮೀ.ನಿಂದ 10 ಮೀಟರ್ ದೂರದ ಹಕ್ಕಿಯನ್ನೂ ತೆಗೆದರೆ ಹಕ್ಕಿಯ ಗಾತ್ರ ಒಂದೇ. ಆದರೆ ಹಕ್ಕಿಯಿಂದ 50 ಮೀಟರ್ ಹಿಂದಿನ ಮರಗಳ ಸಾಲಿನಲ್ಲಿ ಮೊದಲನೆಯದು ಸುಮಾರು 10 ಮೀಟರ್ ಅಗಲವನ್ನು ಸೇರಿಸಿಕೊಂಡರೆ ಎರಡನೆಯದು ಸುಮಾರು ಐದೂವರೆ ಮೀಟರ್ ಅಗಲವನ್ನಷ್ಟೇ ಸೇರಿಸಿಕೊಳ್ಳುತ್ತದೆ. ಹಿನ್ನೆಲೆಯಲ್ಲಿ ಶುದ್ಧವಾದ ಸಣ್ಣ ತುಣುಕೊಂದು ಸಿಕ್ಕರೂ ಸಾಕಾಗುತ್ತದೆ.

4. ಅಪರ್ಚರ್, ಫೋಕಸ್, ಶಟರ್ ಹೊಂದಿಸುವುದು

ಅಪರ್ಚರ್ ಎಂದರೆ ಲೆನ್ಸಿನೊಳಗಿನ ಬೆಳಕಿಂಡಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಮಸುಕು ಹೆಚ್ಚು. ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಗೆ, ಅಂದರೆ ಕಿಂಡಿಯನ್ನು ನೀವು ಆರಿಸಿ ಶಟರ್ ವೇಗವನ್ನು (ಸೆನ್ಸರ್ ಮೇಲೆ ಬೆಳಕು ಬೀಳುವ ಹೊತ್ತನ್ನು) ಕ್ಯಾಮೆರಾವೇ ಲೆಕ್ಕ ಹಾಕುವ ವಿಧಾನಕ್ಕೆ ಇಟ್ಟು, ನಿಮ್ಮ ಲೆನ್ಸಿನ ಅತಿ ಚಿಕ್ಕ ಎಫ್ ಸಂಖ್ಯೆಯಿಂದ ಆರಂಭಿಸಿ.

ಅಲ್ಲಿಯೇ ನಿಂತುಬಿಡಬೇಡಿ, ಏಕೆಂದರೆ ಮಸುಕಿನ ಜೊತೆಗೇ ಫೋಕಸ್ ಆಳವೂ ತೆಳ್ಳಗಾಗುತ್ತದೆ. ಫೋಕಸ್ ಆಳವೆಂದರೆ ಪ್ರಾಣಿಯ ಮುಂದಿನಿಂದ ಹಿಂದಿನವರೆಗೆ ಸ್ಪಷ್ಟವಾಗಿ ಕಾಣುವ ಪದರದ ದಪ್ಪ. 400 ಮಿ.ಮೀ., ಎಫ್/5.6ರಲ್ಲಿ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಇದು 20 ಮೀಟರ್ ದೂರದಲ್ಲಿ 80 ಸೆಂ.ಮೀ.ಗಿಂತ ತುಸು ಹೆಚ್ಚು, 10 ಮೀಟರ್ ದೂರದಲ್ಲಿ ಸುಮಾರು 20 ಸೆಂ.ಮೀ., 5 ಮೀಟರ್ ದೂರದಲ್ಲಿ ಬರೀ 5 ಸೆಂ.ಮೀ. ದೂರ ಅರ್ಧವಾದರೆ ಆಳ ಕಾಲುಭಾಗಕ್ಕೆ ಇಳಿಯುತ್ತದೆ ಎಂಬುದನ್ನು ಗಮನಿಸಿ. ಹತ್ತಿರದ ಮಿಂಚುಳ್ಳಿ ನಿಮ್ಮ ಕಡೆಗೆ ಮುಖಮಾಡಿ ಕುಳಿತಿದ್ದರೆ ಕೊಕ್ಕಿನ ತುದಿ ಸ್ಪಷ್ಟವಾಗಿ, ಕಣ್ಣು ಮಂಜಾಗಿ ಬರುವ ಸಾಧ್ಯತೆ ಇದೆ. ಫೋಕಸ್ ಯಾವಾಗಲೂ ಹತ್ತಿರದ ಕಣ್ಣಿನ ಮೇಲಿರಲಿ. ತಾಯಿಯಾನೆ ಮತ್ತು ಮರಿ, ಕಾದಾಡುವ ಎರಡು ಗಂಡು ಜಿಂಕೆ ಹೀಗೆ ಎರಡು ಮುಖಗಳಿದ್ದಾಗ ಎಫ್/8ಕ್ಕೆ ಹೋಗಿ, ಇಲ್ಲವೇ ಎರಡೂ ನಿಮ್ಮಿಂದ ಸಮಾನ ದೂರಕ್ಕೆ ಬರುವವರೆಗೆ ಕಾಯಿರಿ. ಒಂದನೆಯ ಹಂತದಲ್ಲಿ ಹಿನ್ನೆಲೆಯನ್ನು ದೂರ ಆರಿಸಿಕೊಂಡವರಿಗೆ ಎಫ್/8ಕ್ಕೆ ಹೋದರೂ ನಷ್ಟ ಕಾಣಿಸುವುದಿಲ್ಲ.

ಕಣ್ಣನ್ನು ತಾನೇ ಹುಡುಕುವ ಆಟೋಫೋಕಸ್ ಈಗಿನ ಕ್ಯಾಮೆರಾಗಳಲ್ಲಿದೆ, ಬಯಲಿನಲ್ಲಿ ಅದನ್ನು ಧಾರಾಳವಾಗಿ ನಂಬಬಹುದು. ಹುಲ್ಲಿನ ಎಸಳುಗಳು ಮುಂದೆ ಅಡ್ಡವಿದ್ದಾಗ ಅದು ಎಸಳನ್ನೇ ಹಿಡಿದುಬಿಡುವುದರಿಂದ ಒಂಟಿ ಫೋಕಸ್ ಬಿಂದುವನ್ನು ಆರಿಸಿ ಕಣ್ಣಿನ ಮೇಲೆ ನೀವೇ ಇಡಿ. ಫೋಕಸ್ ಸರಿಯಾಗಿ ಕೂತರೆ ಅದೇ ಹುಲ್ಲು ಲೆನ್ಸಿಗೆ ತೀರಾ ಹತ್ತಿರವಿದ್ದಾಗ ಮುಂಭಾಗದಲ್ಲಿ ಹಸಿರು ಮಂಜಿನಂತೆ ಹರಡಿ ಪ್ರಾಣಿಯನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ.

ಶಟರ್ ವೇಗಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. 400 ಮಿ.ಮೀ. ಲೆನ್ಸಿಗೆ ಸೆಕೆಂಡಿನ 400ನೇ ಒಂದು ಭಾಗ ಕನಿಷ್ಠ ಎಂದುಕೊಳ್ಳಿ, ಹಾರುವ ಹಕ್ಕಿಗೆ 2000ನೇ ಒಂದು ಭಾಗಕ್ಕಿಂತ ವೇಗ ಬೇಕು. ಬೆಳಕು ಸಾಲದಿದ್ದರೆ ಐಎಸ್ಒ, ಅಂದರೆ ಸೆನ್ಸರಿನ ಬೆಳಕಿನ ಸಂವೇದನೆಯನ್ನು ಏರಿಸಿ. ಕಾಳುಕಾಳಾದ ಚಿತ್ರವನ್ನು ಮುಂದೆ ಸುಧಾರಿಸಬಹುದು, ಅಲುಗಿದ ಚಿತ್ರವನ್ನು ಸುಧಾರಿಸುವುದು ಕಷ್ಟ.

5. ಬೆಳಕಿನಿಂದ ಬೇರ್ಪಡಿಸಿ

ಹಿನ್ನೆಲೆಯನ್ನು ದೂರ ತಳ್ಳಲಾಗದ ಕಡೆ ಕೈಹಿಡಿಯುವುದು ಬೆಳಕು. ಪ್ರಾಣಿಯ ಮೇಲೆ ಬಿಸಿಲಿದ್ದು ಹಿನ್ನೆಲೆ ನೆರಳಿನಲ್ಲಿರುವ ಜಾಗವನ್ನು ಹುಡುಕುವುದು ಇದರ ತಿರುಳು. ಬೆಳಗಿನ ಹೊತ್ತು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿಯಿಂದ ನೋಡಿದರೆ ಬೆಳ್ಳಕ್ಕಿ, ಚಮಚಕೊಕ್ಕುಗಳ ಮೇಲೆ ಎಳೆಬಿಸಿಲು, ಹಿಂದಿನ ಮರಗಳಡಿ ಕತ್ತಲು ಇರುವ ಕೋನಗಳು ಸಿಗುತ್ತವೆ. ದೋಣಿಯಲ್ಲಿ ಏಳದೆ ಕುಳಿತೇ ಇರಿ, ನೀರಿಗೆ ಹತ್ತಿರವಿರುವುದರಿಂದ ಎರಡನೆಯ ಹಂತದ ಲಾಭವೂ ತಾನಾಗಿಯೇ ದಕ್ಕುತ್ತದೆ.

ಇಲ್ಲೊಂದು ಹೊಂಡವಿದೆ. ಚೌಕಟ್ಟಿನ ಬಹುಪಾಲು ಕಪ್ಪಾಗಿದ್ದರೆ ಕ್ಯಾಮೆರಾ ಅದನ್ನು ಬೆಳಗಿಸಲು ಹೋಗಿ ಬಿಳಿ ಹಕ್ಕಿಯ ಗರಿಗಳನ್ನು ಸುಣ್ಣದ ಗೋಡೆಯಂತೆ ಮಾಡುತ್ತದೆ. ಹಾಗೆ ಕಳೆದುಹೋದ ಗರಿಯ ವಿವರ ಮತ್ತೆ ಸಿಗುವುದಿಲ್ಲ. ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಕ್ಯಾಮೆರಾದ ಲೆಕ್ಕವನ್ನು ಏರಿಳಿಸುವ ಗುಂಡಿಯನ್ನು, ಮೈನಸ್ 1ರ ಆಸುಪಾಸಿಗೆ ತಿರುಗಿಸಿ ಒಂದು ಚಿತ್ರ ತೆಗೆದು, ಬಿಳಿ ಭಾಗ ಮಿನುಗಿ ಎಚ್ಚರಿಸುವ ಸೌಲಭ್ಯವನ್ನು ತೆರೆಯ ಮೇಲೆ ನೋಡಿಕೊಳ್ಳಿ. ಬೆಳ್ಳನೆಯ ಆಕಾಶದ ಎದುರು ಕುಳಿತ ಹಕ್ಕಿಗೆ ಇದರ ವಿರುದ್ಧ, ಪ್ಲಸ್ 1ರಿಂದ ಪ್ಲಸ್ 2ರವರೆಗೆ ಬೇಕಾಗುತ್ತದೆ.

ಸೂರ್ಯ ಪ್ರಾಣಿಯ ಹಿಂದಿದ್ದರೆ ಹೆಚ್ಚಿನವರು ಕ್ಯಾಮೆರಾ ಕೆಳಗಿಟ್ಟುಬಿಡುತ್ತಾರೆ. ನನಗೆ ಅತಿ ಇಷ್ಟವಾದ ಬೆಳಕು ಅದೇ. ಸೂರ್ಯ ಕೆಳಮಟ್ಟದಲ್ಲಿದ್ದು ಹಿನ್ನೆಲೆ ನೆರಳಿನ ಮರಗಳಾಗಿದ್ದರೆ ಮುಸಿಯನ ರೋಮ, ಜಿಂಕೆಯ ಕಿವಿ, ಸೀಳುನಾಯಿಯ ಬಾಲ ಎಲ್ಲಕ್ಕೂ ಹೊನ್ನಿನ ಅಂಚು ಮೂಡುತ್ತದೆ. ಹಿಂದಿನ ಮರ ಎಷ್ಟೇ ಹತ್ತಿರವಿದ್ದರೂ ಆ ಅಂಚು ಪ್ರಾಣಿಯನ್ನು ಬಿಡಿಸಿ ತೋರಿಸುತ್ತದೆ. ಲೆನ್ಸಿಗೆ ಅಡ್ಡಬೆಳಕು ಬೀಳದಂತೆ ತಡೆಯುವ ಲೆನ್ಸ್ ಹುಡ್ ಹಾಕಿ, ಎಕ್ಸ್‌ಪೋಷರ್ ತಗ್ಗಿಸಿ. ಫ್ಲ್ಯಾಶ್‌ನಿಂದ ಇದನ್ನು ಸಾಧಿಸಲು ಹೋಗಬೇಡಿ.

6. ಬಣ್ಣ ಮತ್ತು ಋತು

ಹುಲಿಯ ಕಿತ್ತಳೆ ಬಣ್ಣಕ್ಕೆ ಹಸಿರು ಎದುರಾದರೆ ಹುಲಿ ಚಿಮ್ಮಿ ಬರುತ್ತದೆ. ಮಳೆಗಾಲದಿಂದ ಅದರ ನಂತರದ ತಿಂಗಳುಗಳವರೆಗೆ ಬಂಡೀಪುರದ ಎಲೆಯುದುರುವ ಕಾಡು ಇಂಥ ಹಸಿರನ್ನು ಕೊಡುತ್ತದೆ, ಬೇಸಿಗೆಯಲ್ಲಿ ಅದೇ ಕಾಡು ಕಂದುಬಣ್ಣಕ್ಕೆ ತಿರುಗಿ ಜಿಂಕೆಯನ್ನೂ ಹುಲಿಯನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಬೇಸಿಗೆಗೂ ಅದರದೇ ಅನುಕೂಲವಿದೆ. ಕಬಿನಿಯ ಹಿನ್ನೀರು ಇಳಿದು ಎಳೆಹುಲ್ಲು ಬಂದಾಗ ಆನೆಗಳು ಬಯಲಿಗೆ ಬರುತ್ತವೆ, ಆಗ ಹಿನ್ನೆಲೆ ದೂರದ ನೀರೋ ಕಾಡಿನಂಚೋ ಆಗಿರುತ್ತದೆ. ಆಲದ ಎಲೆಗಳ ನಡುವಿನ ಗಿಳಿಯನ್ನು ಯಾವ ಋತುವಿನಲ್ಲೂ ಬಣ್ಣದಿಂದ ಬೇರ್ಪಡಿಸಲಾಗದು. ಅದು ಪೊಟರೆಯ ಬಾಯಿಗೆ ಬರುವವರೆಗೆ ಕಾಯಬೇಕು.

7. ಇದ್ಯಾವುದೂ ಸಾಧ್ಯವಾಗದಿದ್ದಾಗ

ಹಂಪಿಗೆ ಸಮೀಪದ ದರೋಜಿಯಲ್ಲಿ ಕರಡಿಗಳನ್ನು ನೋಡುವುದು ಬಲುದೂರದ ಗೋಪುರದಿಂದ, ಕರಡಿಯ ಬೆನ್ನಿಗೇ ಬಂಡೆ. ಮಸುಕಿನ ಆಸೆಯನ್ನು ಬಿಟ್ಟು, ಕಪ್ಪು ಮೈ ಬಿಸಿಲುಬಿದ್ದ ಬಂಡೆಯ ಎದುರು ಬರುವ ಕ್ಷಣವನ್ನು ಕಾಯಿರಿ. ನೆರಳಿನ ಸಂದಿಗೆ ಅದು ಹೋದಾಗ ತೆಗೆದ ಚಿತ್ರಗಳು ಅಳಿಸುವುದಕ್ಕಷ್ಟೇ. ಪ್ರಾಣಿಯನ್ನು ಚೌಕಟ್ಟಿನಲ್ಲಿ ಚಿಕ್ಕದಾಗಿಟ್ಟು ಬಂಡೆಗಳ ಇಡೀ ಗುಡ್ಡವನ್ನೇ ತೋರಿಸುವುದೂ ಒಂದು ದಾರಿ, ಆಗ ಹಿನ್ನೆಲೆ ಶತ್ರುವಾಗಿ ಉಳಿಯುವುದಿಲ್ಲ.

ಓಡುವ ಪ್ರಾಣಿಗೆ ಪ್ಯಾನಿಂಗ್ ಇದೆ. ಶಟರ್ ವೇಗವನ್ನು ಸೆಕೆಂಡಿನ 30ರಿಂದ 60ನೇ ಒಂದು ಭಾಗಕ್ಕೆ ಇಳಿಸಿ, ಪ್ರಾಣಿಯ ವೇಗದಲ್ಲೇ ಕ್ಯಾಮೆರಾವನ್ನು ಅಡ್ಡಡ್ಡ ಹೊರಳಿಸುತ್ತಾ ಚಿತ್ರ ತೆಗೆದರೆ ಹಿನ್ನೆಲೆ ಗೆರೆಗೆರೆಯಾಗಿ ಎಳೆದುಕೊಂಡು ತಲೆ ಸ್ಪಷ್ಟವಾಗಿ ಉಳಿಯುತ್ತದೆ. ಹತ್ತು ಹೊಡೆದರೆ ಒಂದು ಸಿಕ್ಕೀತು ಎನ್ನುವಂಥ ವಿದ್ಯೆ ಇದು. ಬೀದಿಯಲ್ಲಿ ಹೋಗುವ ಸೈಕಲ್ಲುಗಳ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ.

8. ಕಂಪ್ಯೂಟರಿನಲ್ಲಿ ಮಾಡಬಹುದಾದದ್ದು, ಮಾಡಬಾರದ್ದು

ಚಿತ್ರವನ್ನು ರಾ ಕಡತವಾಗಿ, ಅಂದರೆ ಕ್ಯಾಮೆರಾ ತಾನೇ ಸಂಸ್ಕರಿಸದ ರೂಪದಲ್ಲಿ ತೆಗೆದಿದ್ದರೆ ಈ ಹಂತ ಸಲೀಸು. ಸಂಸ್ಕರಣೆಯ ತಂತ್ರಾಂಶದಲ್ಲಿ ಪ್ರಾಣಿಯನ್ನು ಬೇರೆಯಾಗಿ, ಹಿನ್ನೆಲೆಯನ್ನು ಬೇರೆಯಾಗಿ ಆಯ್ದುಕೊಳ್ಳುವ ಮಾಸ್ಕ್ ಎಂಬ ಸೌಲಭ್ಯವಿದೆ. ಹಿನ್ನೆಲೆಯನ್ನು ಆಯ್ದು ಅದರ ಬೆಳಕನ್ನು ಅರ್ಧ ಸ್ಟಾಪ್ (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧವಾಗುತ್ತದೆ) ತಗ್ಗಿಸಿ, ಬಣ್ಣದ ತೀವ್ರತೆಯನ್ನೂ ಚೂಪನ್ನೂ ಸ್ವಲ್ಪ ಇಳಿಸಿ. ಚೂಪು ಹೆಚ್ಚಿಸುವುದಿದ್ದರೆ ಪ್ರಾಣಿಯ ಮೇಲೆ ಮಾತ್ರ. ಹೊಸಬರು ಅತಿಯಾಗಿ ಹೋಗುವುದು ಇಲ್ಲಿಯೇ. ಪ್ರಾಣಿಯ ಸುತ್ತ ಬೆಳ್ಳನೆಯ ಪ್ರಭಾವಳಿ ಕಾಣಿಸಿದರೆ, ರೋಮದಂಚು ಕತ್ತರಿಯಿಂದ ಕತ್ತರಿಸಿದಂತಾದರೆ ಹಿಂದಕ್ಕೆ ಬನ್ನಿ.

ಕೊಂಬೆ ಅಳಿಸುವುದು, ಹಿನ್ನೆಲೆಯನ್ನೇ ಬದಲಿಸುವುದು ಈಗ ಬೆರಳ ತುದಿಯ ಕೆಲಸ. ಆದರೆ ವನ್ಯಜೀವಿ ಚಿತ್ರಸ್ಪರ್ಧೆಗಳು ಸಾಮಾನ್ಯವಾಗಿ ಇದನ್ನು ಒಪ್ಪುವುದಿಲ್ಲ, ಅಂತಿಮ ಸುತ್ತಿನಲ್ಲಿ ಮೂಲ ರಾ ಕಡತವನ್ನು ಕೇಳುವ ಸ್ಪರ್ಧೆಗಳೂ ಇವೆ. ಸ್ಪರ್ಧೆಗೆ ಕಳಿಸದಿದ್ದರೂ, ಹಾಗೆ ಬದಲಿಸಿದ ಚಿತ್ರವನ್ನು ಹಂಚುವಾಗ ಅದನ್ನು ಹೇಳಿಬಿಡುವುದು ಸರಿ.

ಕೆಲಸ ಮುಗಿಸುವ ಮುನ್ನ ಚಿತ್ರವನ್ನು ತೆರೆಯ ಮೇಲೆ ಅಂಚೆಚೀಟಿಯಷ್ಟು ಚಿಕ್ಕದಾಗಿಸಿ, ಬಣ್ಣ ತೆಗೆದು ಕಪ್ಪುಬಿಳುಪಿನಲ್ಲಿ ಒಮ್ಮೆ ನೋಡಿ. ಆಗಲೂ ಪ್ರಾಣಿಯ ಆಕಾರ ತಟ್ಟನೆ ಗುರುತು ಸಿಕ್ಕಿದರೆ ಬೆಳಕು ನೆರಳಿನ ಅಂತರ ಸಾಕಷ್ಟಿದೆ. ಬಣ್ಣ ತೆಗೆದೊಡನೆ ಅದು ಮರೆಯಾದರೆ ಮಾಸ್ಕ್‌ಗೆ ಮರಳಿ ಹಿನ್ನೆಲೆಯನ್ನು ಇನ್ನು ಕಾಲು ಸ್ಟಾಪ್ ತಗ್ಗಿಸಿ ನೋಡಿ.